ಕ್ಯಾಮೆರಾ ಹೊತ್ತು ಊರು ಬಿಡುವ ಮುನ್ನ: ಲೆನ್ಸು, ಟ್ರೈಪಾಡು, ಟೆಂಟು ಕಳ್ಳರ ಪಾಲಾಗದಿರಲು

ಚಳಿಗಾಲ ಶುರುವಾಯಿತು ಅಂದರೆ ನನಗೆ ಬರುವ ಪ್ರಶ್ನೆಗಳೂ ಶುರುವಾಗುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿವೆಯಾ, ಯಾವ ಲೆನ್ಸು ತರಬೇಕು ಅನ್ನೋದು ಮೊದಲನೆಯದು. ಎರಡನೆಯದು ಪ್ರತಿ ವರ್ಷವೂ ಅದೇ: "ಇಷ್ಟು ದುಬಾರಿ ಸಾಮಾನು ಹಿಡ್ಕೊಂಡು ಹೊರಗ ರಾತ್ರಿ ಕಳಿಯೋದು ಹೆಂಗ್ರಿ ಸರ್? ಯಾರಾದ್ರೂ ಎತ್ಕೊಂಡು ಹೋದ್ರ?"

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡದಿಂದ ಹೊರಟು ಗದಗ, ಹಾವೇರಿ, ದಾಂಡೇಲಿ ಕಡೆ ಒಂದೆರಡು ರಾತ್ರಿ ತಂಗಿ ಬರುವವರು ನನ್ನ ಮನಸ್ಸಿನಲ್ಲಿದ್ದಾರೆ. ಕ್ಯಾಮೆರಾವನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ನಿಮ್ಮ ಹತ್ತಿರ ಟೆಲಿಸ್ಕೋಪ್ ಇರಲಿ, ಬೈನಾಕ್ಯುಲರ್ ಇರಲಿ, ಗೇರ್ ಸೈಕಲ್ ಇರಲಿ, ಮಾಡಬೇಕಾದ್ದು ಹೆಚ್ಚುಕಡಿಮೆ ಇಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೆದರುವುದು ರಾತ್ರಿಗೆ, ಟೆಂಟಿಗೆ, ಕಾಡಿಗೆ. ನನ್ನದಾಗಲಿ ನನ್ನ ಜೊತೆಗಾರರದ್ದಾಗಲಿ ಸಾಮಾನು ಹೋಗಿದ್ದು ಯಾವತ್ತೂ ಅಲ್ಲಿ ಅಲ್ಲ. ಹೋಗಿದ್ದೆಲ್ಲ ಚಹಾದಂಗಡಿ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ದೇವಸ್ಥಾನದ ಎದುರು, ಬಸ್ ಸ್ಟ್ಯಾಂಡಿನಲ್ಲಿ. ನನ್ನ ಟ್ರೈಪಾಡು ಹೋಗಿದ್ದು ಹೆದ್ದಾರಿ ಪಕ್ಕ ಗಿರ್ಮಿಟ್ ತಿನ್ನುವ ಹತ್ತು ನಿಮಿಷದಲ್ಲಿ. ಬೈಕಿನ ಹಿಂದೆ ಕೊಕ್ಕೆ ಇರುವ ರಬ್ಬರ್ ಹಗ್ಗದಿಂದ ಕಟ್ಟಿದ್ದೆ. ಪುಣ್ಯಾತ್ಮ ಹಗ್ಗವನ್ನೂ ಬಿಟ್ಟಿರಲಿಲ್ಲ. ಆದ್ದರಿಂದ ಕೆಳಗಿನ ಹಂತಗಳಲ್ಲಿ ನಾಲ್ಕನೆಯದನ್ನು ಎರಡು ಸಲ ಓದಿ.

ಹಂತ 1: ಕಾಗದದ ಕೆಲಸ ಮನೆಯಲ್ಲೇ ಮುಗಿಸಿ

ಬೇಸರದ ಕೆಲಸ, ಗೊತ್ತು. ಆದರೆ ಕಳುವಾದ ಮೇಲೆ ಪೊಲೀಸರು ಕೇಳುವ ಮೊದಲ ಪ್ರಶ್ನೆಯೇ "ಸೀರಿಯಲ್ ನಂಬರ್ ಎಷ್ಟು?". ಆಗ ತಲೆ ಕೆರೆದುಕೊಂಡರೆ ಆಗದು.

ಕ್ಯಾಮೆರಾ ತಿರುಗಿಸಿ ನೋಡಿ. ಸೀರಿಯಲ್ ನಂಬರ್ ಹೆಚ್ಚಾಗಿ ಅಡಿಭಾಗದಲ್ಲಿ ಇರುತ್ತದೆ. ಲೆನ್ಸಿನದ್ದು ಕ್ಯಾಮೆರಾಕ್ಕೆ ಕೂಡುವ ಕಡೆ, ಇಲ್ಲವೇ ಕೊಳವೆಯ ಮೇಲೆ. ಎರಡರದ್ದೂ ಸ್ಪಷ್ಟವಾಗಿ ಫೋಟೋ ತೆಗೆಯಿರಿ. ಖರೀದಿ ಬಿಲ್ಲು, ವಾರಂಟಿ ಕಾರ್ಡಿನ ಫೋಟೋ ಅದರ ಜೊತೆ ಸೇರಿಸಿ. ಎಲ್ಲವನ್ನೂ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಫೋನಿನಲ್ಲಿ ಮಾತ್ರ ಇಟ್ಟರೆ, ಬ್ಯಾಗಿನ ಜೊತೆ ಫೋನೂ ಹೋದಾಗ ಏನು ಮಾಡುತ್ತೀರಿ?

ಆಮೇಲೆ ಕ್ಯಾಮೆರಾ ಮೆನುವಿನಲ್ಲಿ ಕಾಪಿರೈಟ್ ಅಥವಾ ಮಾಲೀಕರ ಹೆಸರು ಹಾಕುವ ಜಾಗ ಹುಡುಕಿ, ನಿಮ್ಮ ಹೆಸರು ತುಂಬಿ. ಆ ಕ್ಯಾಮೆರಾದಿಂದ ತೆಗೆಯುವ ಪ್ರತಿ ಫೋಟೋದ ಎಕ್ಸಿಫ್‌ನಲ್ಲಿ ಆ ಹೆಸರು ಕೂರುತ್ತದೆ. ಎಕ್ಸಿಫ್ ಅಂದರೆ ಫೋಟೋದ ಬೆನ್ನಿಗೆ ಅಂಟಿಕೊಂಡಿರುವ ಮಾಹಿತಿ: ದಿನಾಂಕ, ಲೆನ್ಸು, ಶಟರ್ ವೇಗ, ಹಲವು ಕ್ಯಾಮೆರಾಗಳಲ್ಲಿ ಸೀರಿಯಲ್ ನಂಬರ್ ಕೂಡ. ಬಾಕ್ಸು, ಬಿಲ್ಲು ಕಳೆದುಕೊಂಡವರು ಹಳೆಯ ಒಂದು ಫೋಟೋ ಕಂಪ್ಯೂಟರಿನಲ್ಲಿ ತೆರೆದು ಅಲ್ಲಿಂದಲೇ ನಂಬರ್ ತೆಗೆದುಕೊಳ್ಳಬಹುದು. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲಿ ಈ ಮಾಹಿತಿ ಉಳಿಯುವುದಿಲ್ಲ. ಮೂಲ ಫೈಲೇ ಬೇಕು.

ಇನ್ನೊಂದು ಸಣ್ಣ ಉಪಾಯ. ಬಿಳಿ ಹಾಳೆಯ ಮೇಲೆ ನಿಮ್ಮ ಫೋನ್ ನಂಬರ್ ದೊಡ್ಡದಾಗಿ ಬರೆದು, ಅದರ ಫೋಟೋ ತೆಗೆದು, ಅಳಿಸದಂತೆ ಲಾಕ್ ಮಾಡಿ ಮೆಮೊರಿ ಕಾರ್ಡಿನಲ್ಲಿ ಬಿಡಿ. ಇದು ಕಳ್ಳನಿಗಲ್ಲ. ನೀವು ಎಲ್ಲೋ ಮರೆತು ಬಂದ ಕ್ಯಾಮೆರಾ ಒಳ್ಳೆಯವರ ಕೈಗೆ ಸಿಕ್ಕರೆ ಅವರಿಗೆ.

ಸೆಕೆಂಡ್ ಹ್ಯಾಂಡ್ ಕೊಂಡವರು ಮಾರಿದವರ ಸಹಿ ಇರುವ ಒಂದು ಚೀಟಿಯನ್ನಾದರೂ ಇಟ್ಟುಕೊಳ್ಳಿ. ಅದರಲ್ಲಿ ಸೀರಿಯಲ್ ನಂಬರ್ ಇರಲೇಬೇಕು. ಕಳವಿನ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅಪರಾಧ. ಅರ್ಧ ಬೆಲೆಗೆ ಸಿಕ್ಕಿತು, ಬಿಲ್ಲು ಮಾತ್ರ ಇಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ಹಂತ 2: ವಿಮೆಯ ಸಣ್ಣ ಅಕ್ಷರ ಓದಿ

"ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ, ಒಳಗಿನ ಕ್ಯಾಮೆರಾಕ್ಕೂ ಸಿಗುತ್ತೆ ಅಲ್ವಾ?" ಸಿಗುವುದಿಲ್ಲ. ಮಾಮೂಲಿ ಕಾರಿನ ಪಾಲಿಸಿ ಕಾರಿಗೆ. ಒಳಗಿನ ನಿಮ್ಮ ಸಾಮಾನು ಅದರಲ್ಲಿ ಬರುವುದಿಲ್ಲ. ಬೇಕಾಗಿರುವುದು ಮನೆಯ ಹೊರಗೂ ನಡೆಯುವ "ಆಲ್ ರಿಸ್ಕ್" ವಿಮೆ. ಅಂದರೆ ಸಾಮಾನು ಎಲ್ಲಿದ್ದರೂ ಕಳವು, ಅಪಘಾತ ಎರಡಕ್ಕೂ ಹಣ ಕೊಡುವಂಥದ್ದು. ಕೆಲವು ಕಂಪನಿಗಳು ಇದನ್ನು ಮನೆ ವಿಮೆಯ ಜೊತೆ ಸೇರಿಸಿ ಕೊಡುತ್ತವೆ.

ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಯಾರೂ ಇಲ್ಲದ ವಾಹನದಿಂದ ಕಳುವಾದರೆ ಕೊಡುತ್ತೀರಾ? ಬಾಗಿಲು, ಗಾಜು ಒಡೆದ ಗುರುತು ಇಲ್ಲದಿದ್ದರೆ ಕೊಡುತ್ತೀರಾ? ಮದುವೆ ಫೋಟೋ ತೆಗೆದು ದುಡಿಯುವವರಿಗೂ ಇದೇ ಪಾಲಿಸಿ ನಡೆಯುತ್ತದಾ? ಮೂರಕ್ಕೂ ಉತ್ತರ ಲಿಖಿತವಾಗಿ ತೆಗೆದುಕೊಳ್ಳಿ. ಏಜೆಂಟರು ಬಾಯಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಮರೆತು ಬಿಟ್ಟು ಬಂದದ್ದನ್ನು ಬಹಳಷ್ಟು ಪಾಲಿಸಿಗಳು ಕಳವು ಎಂದು ಒಪ್ಪುವುದಿಲ್ಲ.

ಬಾಡಿಗೆ ಲೆನ್ಸು ಒಯ್ಯುವವರು ಕರಾರು ಪತ್ರದಲ್ಲಿ ಕಳವಿನ ಹೊಣೆ ಯಾರದ್ದು ಅಂತ ನೋಡಿಕೊಳ್ಳಿ. ಸಾಮಾನ್ಯವಾಗಿ ಅದು ನಿಮ್ಮದೇ.

ಹಂತ 3: ಬ್ಯಾಗು ಬ್ಯಾಗಿನ ಹಾಗೆ ಕಾಣಬಾರದು

ಕಂಪನಿಯ ಹೆಸರು ದೊಡ್ಡದಾಗಿ ಬರೆದಿರುವ ಕರಿ ಬ್ಯಾಗು, ಕ್ಯಾಮೆರಾ ಬೆಲ್ಟಿನ ಮೇಲೆ ಮಾಡೆಲ್ ನಂಬರ್, ಕಾರಿನ ಹಿಂದಿನ ಗಾಜಿಗೆ "ವೈಲ್ಡ್‌ಲೈಫ್ ಫೋಟೋಗ್ರಾಫರ್" ಸ್ಟಿಕ್ಕರ್. ಒಳಗೆ ಏನಿದೆ ಅಂತ ಡಂಗುರ ಸಾರಿದ ಹಾಗೆ ಅಲ್ವಾ ಇದು? ಬೆಲ್ಟು ಬದಲಿಸಿ. ಸ್ಟಿಕ್ಕರ್ ಕಿತ್ತು ಹಾಕಿ. ಒಳಗಿನ ಮೆತ್ತನೆಯ ಖಾನೆಗಳನ್ನು ಹಾಗೇ ಎತ್ತಿ ಹಳೆಯ ಕಾಲೇಜು ಬ್ಯಾಗಿಗೆ ಇಳಿಸಿ.

ಧಾರವಾಡದ ಹಿರಿಯ ಪಕ್ಷಿಪ್ರೇಮಿಯೊಬ್ಬರು ಉದ್ದ ಲೆನ್ಸನ್ನು ಜಿಪ್ ಕವರಿಗೆ ಹಾಕಿ, ಮೇಲೆ ಹಳೆ ಕೌದಿ ಸುತ್ತಿ, ಸಂತೆ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಈಗ ನಾನೂ ಹಾಗೇ ಮಾಡುತ್ತೇನೆ. ಕೌದಿಯಷ್ಟು ಒಳ್ಳೆಯ ಮೆತ್ತೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಅದನ್ನು ಹಾಸಿಗೆ ಅಂದುಕೊಳ್ಳುತ್ತಾರೆ. ಜಿಪ್ ಕವರ್ ಮಾತ್ರ ಬಿಡಬೇಡಿ. ಗದಗ ಸೀಮೆಯ ಕಪ್ಪು ಮಣ್ಣಿನ ದೂಳು ಕೌದಿಯ ಹೊಲಿಗೆಯಲ್ಲೂ ನುಸುಳುತ್ತದೆ.

ಎಲ್ಲವನ್ನೂ ಒಂದೇ ಬ್ಯಾಗಿಗೆ ತುಂಬಬೇಡಿ. ಫೋಟೋ ತುಂಬಿದ ಕಾರ್ಡುಗಳು ನಿಮ್ಮ ಜೇಬಿನಲ್ಲಿರಲಿ. ಬ್ಯಾಗು ಹೋದರೂ ಬೆಳಗಿನಿಂದ ಕೆರೆ ಏರಿಯ ಮೇಲೆ ಕೂತು ತೆಗೆದದ್ದು ಉಳಿಯುತ್ತದೆ.

ಸಾಮಾನು ಎಲ್ಲಿದೆ ಅಂತ ಫೋನಿಗೆ ತಿಳಿಸುವ ಟ್ರ್ಯಾಕರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಇದರಲ್ಲಿ ಎರಡು ಜಾತಿ. ಏರ್‌ಟ್ಯಾಗ್ ತರಹದ ಬಿಲ್ಲೆಗಳಲ್ಲಿ ಜಿಪಿಎಸ್ ಇರುವುದಿಲ್ಲ. ಸುತ್ತಮುತ್ತ ಹಾದುಹೋಗುವ ಬೇರೆಯವರ ಫೋನುಗಳು ಬ್ಲೂಟೂತ್ ಮೂಲಕ ಅದನ್ನು ಕಂಡು ನಿಮಗೆ ತಿಳಿಸುತ್ತವೆ. ಏರ್‌ಟ್ಯಾಗ್‌ಗೆ ಐಫೋನುಗಳು ಬೇಕು, ಆಂಡ್ರಾಯ್ಡ್ ಫೋನಿನವರಿಗೆ ಬೇರೆ ಬಿಲ್ಲೆಗಳಿವೆ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಂಥ ಕಡೆ ಚೆನ್ನಾಗಿ ನಡೆಯುತ್ತದೆ. ಶಿರಹಟ್ಟಿ ಕಡೆಯ ಹೊಲದ ನಡುವೆ ಫೋನೇ ಹಾಯದಿದ್ದರೆ ಅದು ಮೂಕ. ನಾಣ್ಯದಂಥ ಬ್ಯಾಟರಿ ಸುಮಾರು ಒಂದು ವರ್ಷ ಬರುತ್ತದೆ. ಎರಡನೆಯ ಜಾತಿ ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್. ತನ್ನ ಜಾಗ ತಾನೇ ಹೇಳುತ್ತದೆ, ಆದರೆ ಚಾರ್ಜು ಮತ್ತು ರೀಚಾರ್ಜು ಎರಡೂ ಬೇಕು, ಮೊಬೈಲ್ ಸಿಗ್ನಲ್ಲೂ ಬೇಕು.

ಹುಷಾರು: ಬೇರೆಯವರ ಬಿಲ್ಲೆ ಜೊತೆಯಲ್ಲೇ ಬರುತ್ತಿದೆ ಅಂತ ಕಳ್ಳನ ಫೋನೂ ಅವನಿಗೆ ಸೂಚನೆ ಕೊಡಬಹುದು. ಹಾಗಾಗಿ ಬಿಲ್ಲೆಯನ್ನು ಬ್ಯಾಗಿನ ಮೇಲಿನ ಜೇಬಿನಲ್ಲಿ ಇಡದೆ ಒಳಗಿನ ಹೊಲಿಗೆಯಲ್ಲಿ ಸೇರಿಸಿ. ಮ್ಯಾಪಿನಲ್ಲಿ ಜಾಗ ಕಂಡಿತು ಅಂತ ನೀವೇ ಗೆಳೆಯರನ್ನು ಕಟ್ಟಿಕೊಂಡು ಹೋಗಬೇಡಿ. ಆ ಮಾಹಿತಿ ಪೊಲೀಸರಿಗೆ ಕೊಡಿ.

ಹಂತ 4: ದಾರಿಯಲ್ಲಿ, ಅದರಲ್ಲೂ ನಿಂತಾಗ

ಕಾರಿನಲ್ಲಿ ಹೋಗುವವರಿಗೆ ಒಂದೇ ನಿಯಮ: ಡಿಕ್ಕಿಗೆ ಹಾಕುವುದನ್ನು ಹೊರಡುವಾಗಲೇ ಹಾಕಿ. ಲಕ್ಕುಂಡಿಯಲ್ಲಿ ಕಾರು ನಿಲ್ಲಿಸಿ, ಇಳಿದು, ಹಿಂದಿನ ಸೀಟಿನಿಂದ ಕ್ಯಾಮೆರಾ ಬ್ಯಾಗು ಎತ್ತಿ, ಎಲ್ಲರ ಎದುರು ಡಿಕ್ಕಿಗೆ ಹಾಕಿ, ಕೀಲಿ ಹಾಕಿ ಗುಡಿ ನೋಡಲು ಹೋಗುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಬೇಕಾದವನು ಅಲ್ಲೇ ಕಟ್ಟೆ ಮೇಲೆ ಕೂತು ನೋಡುತ್ತಿರುತ್ತಾನೆ. ಹಾಕಲೇಬೇಕಾದರೆ ಊರಿಗೆ ಎರಡು ಕಿಲೋಮೀಟರ್ ಮೊದಲೇ ನಿಲ್ಲಿಸಿ ಹಾಕಿ. ಸೀಟಿನ ಮೇಲೆ ಬಿಟ್ಟು ಟವೆಲ್ ಹೊದಿಸುವುದು ಇನ್ನೂ ಕೆಟ್ಟದ್ದು. ಟವೆಲ್ ಕೆಳಗೆ ಏನೋ ಇದೆ ಅಂತ ನೀವೇ ಹೇಳಿದ ಹಾಗೆ.

ರಿಮೋಟ್ ಒತ್ತಿ ಬೆನ್ನು ತಿರುಗಿಸಬೇಡಿ. ಬಾಗಿಲಿನ ಹಿಡಿ ಎಳೆದು ನೋಡಿ. ರಿಮೋಟಿನ ಸಿಗ್ನಲ್ ತಡೆಯುವ ಸಾಧನಗಳಿವೆ. ಅದಕ್ಕಿಂತ ಜಾಸ್ತಿ, ಮಾತಾಡುತ್ತಾ ನಾವೇ ಒತ್ತುವುದನ್ನು ಮರೆತಿರುತ್ತೇವೆ.

ಇನ್ನೊಂದು, ಇದು ಕಳವಿನ ವಿಷಯವಲ್ಲ ಆದರೂ ಹೇಳಬೇಕು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಬಿಸಿಲಿಗೆ ನಿಂತ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಸುವ ಗರಿಷ್ಠ ಉಷ್ಣಾಂಶ 40 ಡಿಗ್ರಿ ಅಂತಲೇ ಬರೆದಿರುತ್ತಾರೆ. ಬೇಸಿಗೆಯಲ್ಲಿ ಡಿಕ್ಕಿ ಸುರಕ್ಷಿತ ಜಾಗ ಅಲ್ಲ, ಕೈಯಲ್ಲೇ ಒಯ್ಯಿರಿ.

ಬೈಕಿನವರ ಪಾಡು ಕಷ್ಟ. ಕ್ಯಾಮೆರಾ ಬೆನ್ನ ಮೇಲೆ ಇರಬೇಕು, ಇಳಿದಾಗಲೂ ಬೆನ್ನ ಮೇಲೇ. ಟ್ರೈಪಾಡು, ಟೆಂಟಿಗೆ ನಂಬರ್ ಲಾಕ್ ಇರುವ ಸಣ್ಣ ತಂತಿ ಹಗ್ಗ ತೆಗೆದುಕೊಂಡು ಬೈಕಿನ ಚೌಕಟ್ಟಿಗೆ ಬಿಗಿಯಿರಿ. ಮೂರು ಅಂಕಿಯ ಲಾಕಿನಲ್ಲಿ ಇರುವುದು 1,000 ಜೋಡಣೆ ಮಾತ್ರ. ಕೂತು ತಿರುಗಿಸುವವನಿಗೆ ಅದು ತಡೆಯಲ್ಲ, ಕಟರ್ ತಂದವನಿಗಂತೂ ಅಲ್ಲವೇ ಅಲ್ಲ. ಗಿರ್ಮಿಟ್ ಮುಗಿಯುವವರೆಗೆ ಸಾಕು. ಕೂರುವಾಗ ಬೈಕು ಕಣ್ಣಿಗೆ ಕಾಣುವ ಕಡೆ ಕೂತುಕೊಳ್ಳಿ.

"ಗಮನ ಬೇರೆಡೆ ಸೆಳೆದು ಕಳವು" ಅಂತ ಪೇಪರಿನಲ್ಲಿ ಓದಿರುತ್ತೀರಿ. ಆಟ ಹಳೆಯದು, ಇನ್ನೂ ನಡೆಯುತ್ತದೆ. ನೆಲದ ಮೇಲೆ ಹತ್ತಿಪ್ಪತ್ತರ ನೋಟು ಚೆಲ್ಲಿ "ನಿಮ್ಮ ರೊಕ್ಕ ಬಿದ್ದಾವ ನೋಡ್ರಿ" ಅನ್ನುತ್ತಾರೆ. ಅಂಗಿಗೆ ಏನೋ ಹೊಲಸು ಹಚ್ಚಿ, ತೊಳೆದುಕೊಳ್ಳಲು ನೀರು ತೋರಿಸುತ್ತಾರೆ. ಗಾಡಿಯಿಂದ ಆಯಿಲ್ ಸೋರುತ್ತಿದೆ, ಟೈರ್ ಪಂಕ್ಚರ್ ಆಗಿದೆ ಅನ್ನುತ್ತಾರೆ. ಯಾರು ಏನೇ ಹೇಳಲಿ, ಮೊದಲು ಕೈ ಬ್ಯಾಗಿನ ಮೇಲೆ ಹೋಗಬೇಕು, ಆಮೇಲೆ ಕಣ್ಣು ಅವರು ತೋರಿಸಿದ ಕಡೆ.

ಬಸ್ಸಿನಲ್ಲಿ ಟೆಂಟು, ಬಟ್ಟೆ ಡಿಕ್ಕಿಗೆ ಹೋಗಲಿ. ಕ್ಯಾಮೆರಾ ತೊಡೆ ಮೇಲೆ. ತಲೆ ಮೇಲಿನ ಕಟ್ಟೆಯಲ್ಲಿ ಇಟ್ಟು ನಿದ್ದೆ ಮಾಡಿದರೆ ಯಾವ ನಿಲ್ದಾಣದಲ್ಲಿ ಇಳಿದು ಹೋಯಿತು ಅನ್ನೋದೂ ಗೊತ್ತಾಗದು. ರಾಣೆಬೆನ್ನೂರಿಗೆ ಚಿಗರಿ, ಅಂದರೆ ಕೃಷ್ಣಮೃಗ, ನೋಡಲು ಹೊರಟ ಧಾರವಾಡದವರು ಹುಬ್ಬಳ್ಳಿಗೆ ಬರುವುದೇ ಅವಳಿ ನಗರದ ನಡುವೆ ಓಡುವ "ಚಿಗರಿ" ಹೆಸರಿನ ಬಸ್ಸಿನಲ್ಲಿ. ಬೆಳಗಿನ ನೂಕುನುಗ್ಗಲಿನಲ್ಲಿ ನಿಂತು ಬರಬೇಕಾದರೆ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ.

ರೈಲಿನ ಮಾತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಂಥ ರಾತ್ರಿ ಗಾಡಿಯಲ್ಲಿ ಕ್ಯಾಮೆರಾ ಬ್ಯಾಗು ದಿಂಬು ಆಗಬೇಕು, ಅದೂ ಮೇಲಿನ ಬರ್ತಿನಲ್ಲಿ ಆದರೆ ಒಳ್ಳೆಯದು. ಬೆಲ್ಟು ತೋಳಿಗೆ ಸುತ್ತಿರಲಿ. ದೊಡ್ಡ ಸಾಮಾನನ್ನು ಕೆಳ ಬರ್ತಿನ ಅಡಿಯಲ್ಲಿರುವ ಕಬ್ಬಿಣದ ಕೊಂಡಿಗೆ ಸರಪಳಿ ಹಾಕಿ ಬೀಗ ಹಾಕಿ. ಕಿಟಕಿ ಪಕ್ಕ ಮೊಬೈಲು, ಕ್ಯಾಮೆರಾ ಹಿಡಿದು ಕೂರುವ ಚಟ ಇದ್ದರೆ ಗಾಡಿ ನಿಧಾನವಾದಾಗ ಕೈ ಒಳಗೆ ತೆಗೆಯಿರಿ. ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮು 1,507 ಮೀಟರ್. ನಿಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ತಿಳಿದುಕೊಂಡು ಅಲ್ಲೇ ನಿಲ್ಲಿ. ಕೊನೆ ಗಳಿಗೆಯಲ್ಲಿ ಓಡುವವರ ಬ್ಯಾಗಿನ ಜಿಪ್ಪು ತೆರೆದುಕೊಂಡಿದ್ದೂ ಅವರಿಗೆ ತಿಳಿಯುವುದಿಲ್ಲ.

ಒಂದು ಕಾನೂನು ವಿಷಯ ಗೊತ್ತಿರಲಿ. ಬುಕ್ ಮಾಡದೆ ನಿಮ್ಮ ಜೊತೆಯಲ್ಲೇ ಒಯ್ಯುವ ಸಾಮಾನಿಗೆ ರೈಲ್ವೆ ಸುಮ್ಮನೆ ಹೊಣೆಯಾಗುವುದಿಲ್ಲ. 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನ ಪ್ರಕಾರ ಸಿಬ್ಬಂದಿಯ ನಿರ್ಲಕ್ಷ್ಯ ಅಥವಾ ತಪ್ಪು ಅಂತ ನೀವು ತೋರಿಸಬೇಕು.

ಹಂತ 5: ರಾತ್ರಿ ತಂಗುವ ಜಾಗ

ಕಪ್ಪತಗುಡ್ಡವಾಗಲಿ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಾಗಲಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಟೆಂಟು ಹಾಕುವ ಹಾಗಿಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕದ್ದು ತಂಗಿದ ಜಾಗದಲ್ಲಿ ಕಳವಾದರೆ ದೂರು ಕೊಡಲು ಹೋದ ನೀವೇ ಉತ್ತರ ಹೇಳುತ್ತಾ ನಿಲ್ಲಬೇಕಾಗುತ್ತದೆ. ಎಷ್ಟೋ ಜನ ಇದೇ ಭಯಕ್ಕೆ ದೂರನ್ನೇ ಕೊಡುವುದಿಲ್ಲ.

ಹೊಲದಲ್ಲಿ ತಂಗುವುದಾದರೆ ಹೊಲದವರನ್ನು ಕೇಳಿ. "ಯಜಮಾನ್ರ, ಇವತ್ತೊಂದು ರಾತ್ರಿ ಇಲ್ಲಿ ಟೆಂಟ್ ಹಾಕ್ಲೇನ್ರಿ?" ಅಂದರೆ ಬೇಡ ಅನ್ನುವವರು ನಮ್ಮ ಕಡೆ ಕಡಿಮೆ. ರೊಟ್ಟಿಯೂ ಸಿಕ್ಕೀತು. ಅದಕ್ಕಿಂತ ದೊಡ್ಡ ಲಾಭ, ನೀವು ಯಾರು ಅಂತ ಊರಿಗೆ ಗೊತ್ತಾಗುತ್ತದೆ. ಅಪರಿಚಿತರು ಸುಳಿದರೆ ಮೊದಲು ಕೇಳುವವರು ಅವರೇ. ಅವರ ನಾಯಿಗಿಂತ ಒಳ್ಳೆಯ ಅಲಾರಂ ನಾನು ಕಂಡಿಲ್ಲ. ಸಂಜೆ ಅದಕ್ಕೆ ಎರಡು ಬಿಸ್ಕತ್ತು ಹಾಕಿ, ರಾತ್ರಿ ನಿಮ್ಮ ಟೆಂಟಿನ ಹತ್ತಿರವೇ ಮಲಗುತ್ತದೆ. ಊರಿನವರ ಮುಂದೆ ಸಾಮಾನಿನ ಬೆಲೆ ಮಾತ್ರ ಹೇಳಬೇಡಿ. ಕೇಳೇ ಕೇಳುತ್ತಾರೆ. "ಆಫೀಸಿಂದು, ನನಗ ಗೊತ್ತಿಲ್ರಿ" ಅಂದರೆ ಸಾಕು.

ಟೆಂಟಿನ ಜಿಪ್ಪಿಗೆ ಬೀಗ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬಟ್ಟೆಯ ಗೋಡೆಗೆ ಬ್ಲೇಡು ಸಾಕು, ಬೀಗ ಕಂಡರೆ ಒಳಗೆ ಏನೋ ಇದೆ ಅಂತ ಅರ್ಥ. ರಾತ್ರಿ ಬೆಂಕಿಯೋ ಹಾವೋ ಕಂಡಾಗ ನೀವೇ ಕೀಲಿ ಹುಡುಕಬೇಕು. ಬ್ಯಾಗನ್ನು ಟೆಂಟಿನ ಅಂಚಿಗೆ ಒರಗಿಸದೆ ಇಬ್ಬರ ನಡುವೆ ಇಡಿ. ಒಬ್ಬರೇ ಇದ್ದರೆ ಮಲಗುವ ಚೀಲದ ಒಳಗೆ, ಕಾಲ ಬಳಿ. ತಲೆಗೆ ಕಟ್ಟುವ ಟಾರ್ಚು ಕೈಗೆ ಸಿಗುವಂತಿರಲಿ. ಬೆಳಗಿನ ಜಾವ ಬಹಿರ್ದೆಸೆಗೆ ಎಲ್ಲರೂ ಒಟ್ಟಿಗೆ ಎದ್ದು ಹೋಗಬೇಡಿ. ಯಾರಾದರೂ ಒಬ್ಬರು ಇರಿ.

ರಾತ್ರಿ ಆಕಾಶದ ಫೋಟೋ ತೆಗೆಯುವವರು ಟ್ರೈಪಾಡಿಗೆ ಕ್ಯಾಮೆರಾ ಸಿಕ್ಕಿಸಿ, ಟೈಮರ್ ಹಾಕಿ, ಟೆಂಟಿಗೆ ಬಂದು ಮಲಗುತ್ತಾರೆ. ದಯವಿಟ್ಟು ಬೇಡ. ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತುಕೊಳ್ಳಿ.

ಗುಡಿ ಇರುವ ಗುಡ್ಡಗಳಲ್ಲಿ ಮಂಗಗಳ ಕಾಟ ಬೇರೆ. ತಿಂಡಿಯನ್ನೂ ಕ್ಯಾಮೆರಾವನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಆ ಕಳ್ಳನ ಮೇಲೆ ಎಫ್‌ಐಆರ್ ಆಗುವುದಿಲ್ಲ.

"ಮಾಗಡಿ ಕೆರೆ ಪಕ್ಕ, ಈಗ ಟೆಂಟಿನಲ್ಲಿ" ಅಂತ ಕೂತಲ್ಲಿಂದಲೇ ಸ್ಟೇಟಸ್ ಹಾಕುವುದನ್ನು ಮನೆಗೆ ಬಂದ ಮೇಲೆ ಮಾಡಿ. ಖಾಲಿ ಇರುವ ನಿಮ್ಮ ಮನೆಯ ಸುದ್ದಿಯೂ ಅದರಲ್ಲೇ ಇರುತ್ತದೆ.

ಹಂತ 6: ಇಷ್ಟಾದರೂ ಹೋದರೆ

ಮೊದಲ ಹತ್ತು ನಿಮಿಷ ಸುತ್ತ ಹುಡುಕಿ, ಅಂಗಡಿಯವರ ಸಿಸಿಟಿವಿ ಎಲ್ಲಿದೆ ನೋಡಿಟ್ಟುಕೊಳ್ಳಿ. ದೃಶ್ಯ ಉಳಿಯುವುದು ಕೆಲವೇ ದಿನ, ಹಾಗಾಗಿ ದೂರಿನಲ್ಲಿ ಆ ಅಂಗಡಿಯ ಗುರುತು ಬರೆಯಿರಿ. ಆಮೇಲೆ 112ಕ್ಕೆ ಫೋನ್ ಮಾಡಿ. ರೈಲಿನಲ್ಲಾದರೆ 139. ರೈಲಿನಿಂದ ಇಳಿಯಬೇಕಿಲ್ಲ. ಟಿಕೆಟ್ ಪರೀಕ್ಷಕರು ಅಥವಾ ಕಾವಲಿನ ಪೊಲೀಸರ ಹತ್ತಿರ ದೂರಿನ ಫಾರಂ ಇರುತ್ತದೆ, ತುಂಬಿ ಕೊಡಿ.

ಠಾಣೆಯಲ್ಲಿ "ಇದು ನಮ್ಮ ಹದ್ದಿಗೆ ಬರೋದಿಲ್ಲ" ಅಂದರೆ ವಾಪಸು ಬರಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಕಳವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಅನ್ನುತ್ತಾರೆ. ಅಲ್ಲಿ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ತೆಗೆದುಕೊಳ್ಳಲೇ ಇಲ್ಲ ಅಂದರೆ ಎಸ್‌ಪಿಯವರಿಗೆ, ಹುಬ್ಬಳ್ಳಿ-ಧಾರವಾಡ ನಗರದಲ್ಲಾದರೆ ಕಮಿಷನರ್ ಕಚೇರಿಗೆ, ಅಂಚೆಯಲ್ಲಿ ದೂರು ಕಳಿಸಿ.

ಇಲ್ಲಿ ಎಡವುವವರು ಬಹಳ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಒಂದು, "ಕಳೆದುಹೋಗಿದೆ" ಅಂತ ಬರೆಯಬೇಡಿ. "ಕಳುವಾಗಿದೆ" ಅಂತ ಬರೆಯಿರಿ. ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೇವೆ ಕಳೆದುಹೋದ ವಸ್ತುಗಳಿಗೆ, ಕಳವಿಗೆ ಅಲ್ಲ. ಬೇಗ ಆಗುತ್ತದೆ ಅಂತ ಅದನ್ನು ತುಂಬಿ ಬಂದರೆ ವಿಮೆಯವರು "ನೀವೇ ಕಳೆದುಕೊಂಡಿದ್ದೀರಿ" ಅಂತ ಅದನ್ನೇ ತೋರಿಸುತ್ತಾರೆ.

ಇನ್ನೊಂದು, ಎಲ್ಲ ಸಾಮಾನಿನ ಬೆಲೆ ಸೇರಿಸಿ ಬರೆಯಿರಿ. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವು ಅಸಂಜ್ಞೇಯ, ಠಾಣೆಯ ಭಾಷೆಯಲ್ಲಿ ಎನ್‌ಸಿ. ಅದರಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ನಡೆಯುವುದಿಲ್ಲ. ಬ್ಯಾಗು, ಬ್ಯಾಟರಿ, ಕಾರ್ಡು, ಫಿಲ್ಟರು ಯಾವುದನ್ನೂ ಬಿಡಬೇಡಿ. ಇಲ್ಲದ್ದನ್ನು ಸೇರಿಸಲೂಬೇಡಿ.

ವಿಮಾ ಕಂಪನಿಗೆ ಅದೇ ದಿನ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಅವರು ಮುಂದೆ "ಸಿ ರಿಪೋರ್ಟ್" ಕೇಳಬಹುದು. ಕಳ್ಳ ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಸಲ್ಲಿಸುವ ವರದಿ ಅದು. ತಿಂಗಳುಗಳೇ ಹಿಡಿಯುತ್ತವೆ, ಠಾಣೆಗೆ ಆಗಾಗ ಹೋಗಿ ಬರುತ್ತಿರಬೇಕು. ಮೊಬೈಲೂ ಹೋಗಿದ್ದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಿ. ಕ್ಯಾಮೆರಾಕ್ಕೆ ಅಂಥ ವ್ಯವಸ್ಥೆ ಇಲ್ಲ, ಸೀರಿಯಲ್ ನಂಬರ್ ಒಂದೇ ಗತಿ. ಅದನ್ನು ಊರಿನ ಕ್ಯಾಮೆರಾ ರಿಪೇರಿಯವರಿಗೂ ಸೆಕೆಂಡ್ ಹ್ಯಾಂಡ್ ವ್ಯಾಪಾರದವರಿಗೂ ಕೊಟ್ಟಿಡಿ.

ಸಿಕ್ಕಿತು ಅಂತ ಠಾಣೆಯಿಂದ ಫೋನ್ ಬಂದರೆ ಆ ದಿನವೇ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಜಪ್ತಿಯಾದ ಮಾಲು ಅದು. ಕೋರ್ಟಿಗೆ ಅರ್ಜಿ ಹಾಕಿ, ಬಿಲ್ಲು ತೋರಿಸಿ, ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಮುಚ್ಚಳಿಕೆ ಅಂದರೆ ಕೇಳಿದಾಗ ಮತ್ತೆ ಹಾಜರುಪಡಿಸುತ್ತೇನೆ ಅನ್ನುವ ಬರಹ. ಬಿಡಿಸಿಕೊಂಡ ದಿನ ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ನೋಡಿ. ಮಳೆಗಾಲವೆಲ್ಲ ಮುಚ್ಚಿದ ಕೋಣೆಯಲ್ಲಿ ಕೂತಿದ್ದರೆ ಗಾಜಿಗೆ ಬೂಷ್ಟು ಹಿಡಿದಿರುತ್ತದೆ. ಬೇಗ ಒಯ್ದರೆ ರಿಪೇರಿಯವರು ತೆಗೆದುಕೊಡುತ್ತಾರೆ.